ಎಸ್‌ಎಸ್‌ಡಿ ತೆವಳುವುದು ಯಾಕೆ?

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನ ಗೆಳೆಯನದೊಂದು ಫೋಟೊ ಸ್ಟುಡಿಯೊ ಇದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಫೋನ್ ಮಾಡಿದ. 'ಹೊಸ ಎಸ್‌ಎಸ್‌ಡಿ ಕಣೋ. ಮದುವೆ ವಿಡಿಯೊ ಕಾಪಿಗೆ ಹಾಕಿದ್ರೆ ಮೊದಲು ಓಡುತ್ತೆ, ಆಮೇಲೆ ತೆವಳುತ್ತೆ. ಹಾಳಾಗಿದೆ ಅನ್ಸುತ್ತೆ.'

ಹಾಳಾಗಿರಲಿಲ್ಲ. ಬಿಸಿಯಾಗಿತ್ತು, ಅಷ್ಟೇ.

ಎಸ್‌ಎಸ್‌ಡಿ ಅಂದರೆ ಡೇಟಾವನ್ನು ಚಿಪ್‌ಗಳಲ್ಲಿ ಕೂಡಿಡುವ ಡ್ರೈವ್. ಸಾಟಾ ಎಂಬ ಹಳೆಯ ಜೋಡಣೆಯ ಎಸ್‌ಎಸ್‌ಡಿಗಳು ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತಿದ್ದವು. ಈಗಿನ ನಾಲ್ಕನೇ ತಲೆಮಾರಿನ ಎನ್‌ವಿಎಂಇ ಎಂಬ ವೇಗದ ಜೋಡಣೆಯ ಡ್ರೈವ್‌ಗಳಲ್ಲಿ ಅದು 7000 ಎಂಬಿವರೆಗೂ ಹೋಗುತ್ತದೆ. ಅದೂ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿಯ ಮೇಲೆ. ಆ ಪಟ್ಟಿಯಲ್ಲಿ ಹೆಚ್ಚು ಬಿಸಿಯಾಗುವುದು ಕಂಟ್ರೋಲರ್ ಎಂಬ ಪುಟ್ಟ ಚಿಪ್. ಡ್ರೈವ್‌ನ ಮೇಸ್ತ್ರಿ ಅದೇ. ಬಿಸಿ 70-80 ಡಿಗ್ರಿಯ ಆಸುಪಾಸಿಗೆ ಬಂದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಮಿತಿ ಎಷ್ಟು ಅನ್ನೋದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ.

ಆದರೆ ನಿಧಾನವಾಯಿತು ಅಂದಮಾತ್ರಕ್ಕೆ ಬಿಸಿಯೇ ಕಾರಣ ಅನ್ನುವ ಹಾಗಿಲ್ಲ. ಡ್ರೈವ್‌ಗಳು ಬಂದ ಡೇಟಾವನ್ನು ಮೊದಲು ಒಂದು ವೇಗದ ಜಾಗದಲ್ಲಿ ಗುಡ್ಡೆ ಹಾಕಿಕೊಳ್ಳುತ್ತವೆ. ಆ ಜಾಗ ತುಂಬಿದರೂ ವೇಗ ಬೀಳುತ್ತದೆ. ಅಂಥದ್ದಕ್ಕೆ ಹೀಟ್‌ಸಿಂಕ್, ಅಂದರೆ ಬಿಸಿ ಹೀರುವ ಲೋಹದ ತುಂಡು ತಂದರೆ ದುಡ್ಡು ದಂಡ. ಮೊದಲು ಅಂಕಿ ನೋಡಬೇಕು. ವಿಂಡೋಸ್ 11ರಲ್ಲಿ ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲೇ ಎನ್‌ವಿಎಂಇ ಡ್ರೈವ್‌ನ ಬಿಸಿ ಕಾಣುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರೂ ತೋರಿಸುತ್ತದೆ. ಗೆಳೆಯನದು ಕಾಪಿ ಆಗುವಾಗ 83 ಡಿಗ್ರಿ ಇತ್ತು.

ಹಾಗಂತ ಐಸ್ ಥರ ತಣ್ಣಗಿಡಬೇಕೆಂದೂ ಇಲ್ಲ. ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಮೆಮೊರಿ ಎಲೆಕ್ಟ್ರಾನ್‌ಗಳನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಕೂಡಿಹಾಕಿ ನೆನಪಿಟ್ಟುಕೊಳ್ಳುತ್ತದೆ. ಬರೆಯುವಾಗ ಚೂರು ಬೆಚ್ಚಗಿದ್ದರೆ ಗೂಡುಗಳ ಸವೆತ ಕಡಿಮೆ. ಕರೆಂಟಿಲ್ಲದೆ ಸುಮ್ನೆ ಇಟ್ಟಾಗ ಮಾತ್ರ ಬಿಸಿ ಕೆಟ್ಟದ್ದು. ಎಲೆಕ್ಟ್ರಾನ್‌ಗಳು ಬೇಗ ಸೋರುತ್ತವೆ. ಮನೆಬಳಕೆಯ ಎಸ್‌ಎಸ್‌ಡಿಗೆ ಮೆಮೊರಿ ಚಿಪ್‌ಗಳಿಗೆ ಮಾನದಂಡ ಹಾಕುವ ಜೆಡೆಕ್ ಸಂಸ್ಥೆಯ ಅಳತೆಗೋಲು ಇದು: ಬರೆಯುವ ಆಯಸ್ಸು ಪೂರ್ತಿ ಮುಗಿದ ಮೇಲೂ, 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಡೇಟಾ ಉಳಿಯಬೇಕು. ಶೀಟಿನ ಮನೆಯ ಬೀರುವಿನಲ್ಲಿ ಹಳೇ ಎಸ್‌ಎಸ್‌ಡಿಗೆ ಮದುವೆ ಆಲ್ಬಂ ತುಂಬಿ ವರ್ಷಗಟ್ಟಲೆ ಮರೆತುಬಿಡೋರು ಇದನ್ನು ಗಮನಿಸಬೇಕು.

ಗೆಳೆಯ ಅಷ್ಟರಲ್ಲೇ ಹೀಟ್‌ಸಿಂಕ್ ಹಾಕಿಸಿದ್ದ. ಡ್ರೈವ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪ್ಯಾಡ್‌ನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕಿತ್ತೇ ಇರಲಿಲ್ಲ! ಕಿತ್ತ ಮೇಲೂ 78. ಲೋಹದ ತುಂಡು ಬಿಸಿಯನ್ನು ಹರಡುತ್ತದೆ, ಆದರೆ ಅದನ್ನು ಹೊರಗೆ ಒಯ್ಯಲು ಗಾಳಿಯೇ ಬೇಕು.

ಪಕ್ಕದಲ್ಲಿ ಕೂತಿದ್ದ ಅವನ ಅಪ್ಪ ಕೆಜಿಎಫ್ ಗಣಿಯಲ್ಲಿ ದುಡಿದವರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಹೋದರೆ ಬಂಡೆಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿಂದ ತಂಪು ಗಾಳಿ ತಳ್ಳದಿದ್ದರೆ ಅಲ್ಲಿ ನಿಲ್ಲೋಕೇ ಆಗುತ್ತಿರಲಿಲ್ಲ. ಅವರು ಕಂಪ್ಯೂಟರ್ ಡಬ್ಬದೊಳಗೆ ಇಣುಕಿ ಕೇಳಿದರು: 'ಇದಕ್ಕೆ ಗಾಳಿ ಎಲ್ಲಿಂದ ಬರುತ್ತಪ್ಪಾ?'

ಬರುತ್ತಿರಲಿಲ್ಲ. ಮುಂದಿನ ಜಾಲರಿಗೆ ಕೆಂಪು ಧೂಳು ಮೆತ್ತಿತ್ತು. ಡ್ರೈವ್ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನ ಕೆಳಗೆ, ಅದರ ಬಿಸಿಯುಸಿರಿನಲ್ಲೇ. ಧೂಳು ಒರೆಸಿ, ಮುಂದೆ ಒಂದು ಫ್ಯಾನ್ ಕೂರಿಸಿ, ಡ್ರೈವನ್ನು ಮೇಲಿನ ಸ್ಲಾಟಿಗೆ ಹಾಕಿದೆವು. ಅದೇ ಕಾಪಿ, ಈ ಸಲ 62. ಹೊರಗೆ 35 ಡಿಗ್ರಿ ಬಿಸಿಲಿತ್ತು.