ಪೂರ್ಣವಿರಾಮವೇ ಅಕ್ಷರವಾದಾಗ

ಸೆಲೆನಿಯಂ ಮಾತ್ರೆಗಳ ಡಬ್ಬಿಯ ಮೇಲೆ ‘ಆ್ಯಂಟಿಆಕ್ಸಿಡೆಂಟ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಅರ್ಧ ಸತ್ಯ. ಸೆಲೆನಿಯಂ ತಾನಾಗಿ ಯಾವ ಜೀವಕೋಶವನ್ನೂ ಕಾಯುವುದಿಲ್ಲ. ಅದು ಕಿಣ್ವದೊಳಗೆ ಗೊತ್ತಾದ ಒಂದೇ ಜಾಗದಲ್ಲಿ ಕೂತಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಅಲ್ಲಿ ಅದು ಯಾವ ರೂಪದಲ್ಲಿ ಕೂತಿದೆ ಎಂಬುದನ್ನು 1976ರಲ್ಲಿ ತೋರಿಸಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಥ್ರೆಸ್ಸಾ ಸ್ಟಾಡ್ಟ್‌ಮನ್ ತಂಡ.

1817ರಲ್ಲಿ ಸ್ವೀಡನ್ನಿನ ಗಂಧಕಾಮ್ಲ ಕಾರ್ಖಾನೆಯೊಂದರ ಕೆಂಪು ಗಸಿಯಲ್ಲಿ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಈ ಧಾತುವನ್ನು ಕಂಡಾಗ ಮೊದಲು ಟೆಲ್ಯೂರಿಯಂ ಎಂದೇ ತಿಳಿದಿದ್ದ. ಟೆಲ್ಯೂರಿಯಂಗೆ ಭೂಮಿಯ ಹೆಸರಿತ್ತಾದ್ದರಿಂದ ಅದರ ಒಡಹುಟ್ಟಿಗೆ ಚಂದ್ರನ ಹೆಸರಿಟ್ಟ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಅದಕ್ಕಿದ್ದದ್ದು ವಿಷವೆಂಬ ಹೆಸರು ಮಾತ್ರ. 1957ರಲ್ಲಿ ಕ್ಲೌಸ್ ಶ್ವಾರ್ಟ್ಸ್, ಲೇಶದಷ್ಟು ಸೆಲೆನಿಯಂ ಕೊಟ್ಟರೆ ಇಲಿಗಳ ಯಕೃತ್ತು ಕೊಳೆಯುವುದಿಲ್ಲ ಎಂದು ತೋರಿಸಿದ ಮೇಲೆ ಮಾತು ಬದಲಾಯಿತು.

ಸ್ಟಾಡ್ಟ್‌ಮನ್ ಸೆಲೆನಿಯಂ ಹುಡುಕಿ ಹೊರಟವರಲ್ಲ. ಆಮ್ಲಜನಕ ತಾಕಿದರೆ ಸಾಯುವ ಒಂದು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಗ್ಲೈಸೀನ್ ಎಂಬ ಅಮೈನೋ ಆಮ್ಲವನ್ನು ಹೇಗೆ ಒಡೆಯುತ್ತದೆ ಎಂಬುದು ಅವರ ಪ್ರಶ್ನೆ. ಆ ಕೆಲಸ ಮಾಡುವ ಒಂದು ಪ್ರೋಟೀನಿನಲ್ಲಿ ಸೆಲೆನಿಯಂ ಸಿಕ್ಕಿತು. ಆದರೆ ಅದರ ರೂಪ ತಿಳಿಯಬೇಕಾದರೆ ಪ್ರೋಟೀನನ್ನು ಆಮ್ಲದಲ್ಲಿ ಕಾಯಿಸಿ ಬಿಡಿಸಬೇಕು. ಹಾಗೆ ಮಾಡಿದರೆ ಸೆಲೆನಿಯಂ ಕಳಚಿ ಹೋಗುತ್ತದೆ. ಉಪಾಯ ಹೀಗಿತ್ತು: ವಿಕಿರಣಶೀಲ ಸೆಲೆನಿಯಂ-75 ಕೊಟ್ಟು ಬ್ಯಾಕ್ಟೀರಿಯಾ ಬೆಳೆಸುವುದು, ಮೊದಲೇ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು) ಸೆಲೆನಿಯಂಗೆ ರಾಸಾಯನಿಕ ಮುಚ್ಚಳ ಹಾಕಿಬಿಡುವುದು, ಆಮೇಲೆ ಆಮ್ಲಕ್ಕೆ ಒಡ್ಡುವುದು. ಹೊರಬಂದದ್ದು ಸೆಲೆನೊಸಿಸ್ಟೀನ್, ಅಂದರೆ ಸಿಸ್ಟೀನ್‌ನ ಗಂಧಕದ ಜಾಗದಲ್ಲಿ ಸೆಲೆನಿಯಂ. ಪ್ರೋಟೀನು ಕಟ್ಟುವ 20 ಅಮೈನೋ ಆಮ್ಲಗಳ ಸಾಲಿಗೆ ಸೇರಿದ 21ನೆಯದು ಅದೇ.

ಅಷ್ಟು ಚಿಕ್ಕ ಬದಲಾವಣೆಗೆ ಇಷ್ಟು ಗದ್ದಲವೇಕೆ? ಜೀವಕೋಶದ ಪಿಎಚ್ ಸುಮಾರು 7. ಸಿಸ್ಟೀನ್ ತನ್ನ ಪ್ರೋಟಾನನ್ನು ಬಿಡಲು ಸುಮಾರು 8.3 ಬೇಕು, ಸೆಲೆನೊಸಿಸ್ಟೀನ್‌ಗೆ 5.2 ಸಾಕು. ಪ್ರೋಟಾನು ಬಿಟ್ಟ ಮೇಲೆಯೇ ಇವು ಚುರುಕಾಗುವುದು. ಹಾಗಾಗಿ ಒಂದು ಇನ್ನೂ ಒರೆಯಲ್ಲಿರುವ ಕತ್ತಿ, ಇನ್ನೊಂದು ಆಗಲೇ ಹಿರಿದದ್ದು. ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಚುರುಕು ಬರುವುದು ಇಲ್ಲಿಂದ.

ಇನ್ನು ನಿಜವಾದ ಸೊಗಸು. 1986ರಲ್ಲಿ ತಿಳಿದದ್ದು: ಸೆಲೆನೊಸಿಸ್ಟೀನ್‌ನ ಸಂಕೇತ ಯುಜಿಎ ಎಂಬ ಮೂರಕ್ಷರ, ಅಂದರೆ ಮಿಕ್ಕೆಡೆ ‘ಇಲ್ಲಿಗೆ ಮುಗಿಯಿತು’ ಎನ್ನುವ ಪೂರ್ಣವಿರಾಮ! ಯಾವ ಯುಜಿಎ ವಿರಾಮ, ಯಾವುದು ಅಕ್ಷರ ಎಂದು, ಸಂಕೇತ ಓದಿ ಪ್ರೋಟೀನು ಹೆಣೆಯುವ ರೈಬೋಸೋಮ್‌ಗೆ ಹೇಳುವುದು ಆರ್‌ಎನ್‌ಎಯಲ್ಲಿ ಮುಂದೆ ಬರುವ ಒಂದು ಮಡಿಕೆ. ಬ್ಯಾಕ್ಟೀರಿಯಾದಲ್ಲಿ ಅದು ಪಕ್ಕದಲ್ಲೇ ಇರುತ್ತದೆ. ನಮ್ಮಲ್ಲಿ ನೂರಾರು ಅಕ್ಷರ ದಾಟಿ ಬಾಲದಲ್ಲಿರುತ್ತದೆ. ಮುಂದಿರುವುದು ಹಿಂದಿನದರ ಓದನ್ನು ತಿದ್ದುವುದೇ ಎಂದು ಕನ್ನಡ ಬಲ್ಲವರು ಬೆರಗಾಗಬೇಕಿಲ್ಲ. ‘ಧರ್ಮ’ ಬರೆಯುವಾಗ ಅರ್ಕಾವತ್ತು ಬರುವುದು ಮಕಾರದ ಆಚೆ, ಓದುವಾಗ ರಕಾರ ಮೊದಲು. ಈ ಮಡಿಕೆಯೂ ಅಂಥದೇ, ಕೊಂಚ ದೂರದ ಅರ್ಕಾವತ್ತು.

ಅಕ್ಷರ ಸಿದ್ಧವಾಗುವ ಬಗೆಯೂ ವಿಚಿತ್ರ. ಅಮೈನೋ ಆಮ್ಲವನ್ನು ಹೊತ್ತು ರೈಬೋಸೋಮ್‌ಗೆ ತರುವ ಸಾಗಣೆ ಆರ್‌ಎನ್‌ಎಗೆ ಮೊದಲು ಸೆರೀನ್ ಎಂಬ ಬೇರೊಂದು ಅಮೈನೋ ಆಮ್ಲ ಏರುತ್ತದೆ. ಗಾಡಿಯ ಮೇಲಿರುವಾಗಲೇ ಅದರ ಆಮ್ಲಜನಕ ಕಳಚಿ ಸೆಲೆನಿಯಂ ಕೂರುತ್ತದೆ. ಸೆಲೆನಿಯಂ ಸಾಲದಾದರೆ ರೈಬೋಸೋಮ್ ಯುಜಿಎ ಬಳಿ ನಿಂತುಬಿಡುತ್ತದೆ, ಪ್ರೋಟೀನು ಮೊಟಕಾಗುತ್ತದೆ.

ಮನುಷ್ಯನಲ್ಲಿ ಸೆಲೆನೊಸಿಸ್ಟೀನ್ ಇರುವ ಪ್ರೋಟೀನುಗಳ ವಂಶವಾಹಿಗಳು 25. ಅವುಗಳ ಯುಜಿಎಗಳೆಲ್ಲ ತುಂಬಿದ ಮೇಲೆ ಇನ್ನಷ್ಟು ಸೆಲೆನಿಯಂ ತಿಂದರೆ ಹೊಸ ಯುಜಿಎ ಹುಟ್ಟುವುದಿಲ್ಲ. ವಯಸ್ಕರಿಗೆ ಅಮೆರಿಕದ ಶಿಫಾರಸು ದಿನಕ್ಕೆ 55 ಮೈಕ್ರೋಗ್ರಾಂ. ಒಂದೇ ಬ್ರೆಜಿಲ್ ನಟ್‌ನಲ್ಲಿ ಅದಕ್ಕಿಂತ ಹೆಚ್ಚಿರಬಹುದು. 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ‘ಸೆಲೆಕ್ಟ್’ ಪ್ರಯೋಗದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಲಿಲ್ಲ. 2008ರಲ್ಲಿ ಮಾತ್ರೆ ನಿಲ್ಲಿಸಿದರು. ಅದೇ ವರ್ಷ ಅಮೆರಿಕದಲ್ಲಿ ತಯಾರಿಕೆಯ ತಪ್ಪಿನಿಂದ ಒಂದು ಪೂರಕ ದ್ರಾವಣದಲ್ಲಿ ನಮೂದಿಸಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿ, ಕುಡಿದವರಿಗೆ ಭೇದಿಯಾಯಿತು, ಕೂದಲು ಉದುರಿತು, ಉಗುರು ಕೆಟ್ಟವು.

ರಕ್ತದ ಒಟ್ಟು ಸೆಲೆನಿಯಂ ನೋಡಿ ಹಿಗ್ಗುವವರು ಇನ್ನೊಂದನ್ನು ಗಮನಿಸಬೇಕು. ಸಸ್ಯಾಹಾರದಲ್ಲೂ ಹಲವು ಮಾತ್ರೆಗಳಲ್ಲೂ ಇರುವ ಸೆಲೆನೊಮಿಥಿಯೋನೀನನ್ನು ದೇಹ ಸಾಮಾನ್ಯ ಅಮೈನೋ ಆಮ್ಲವಾದ ಮಿಥಿಯೋನೀನ್ ಎಂದೇ ತಿಳಿದು ಸಿಕ್ಕ ಪ್ರೋಟೀನಿಗೆಲ್ಲ ಸೇರಿಸುತ್ತದೆ. ಅಂಕಿ ಏರುತ್ತದೆ, ಕಿಣ್ವ ಅದಕ್ಕೆ ತಕ್ಕಂತೆ ಏರುವುದಿಲ್ಲ. ಕೊರತೆ ಇದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಅಳತೆ ರಕ್ತದಲ್ಲಿರುವ ಸೆಲೆನೊಪ್ರೋಟೀನ್ ಪಿ, ಅಂದರೆ ಸೆಲೆನೊಸಿಸ್ಟೀನ್ ಇರುವ ಒಂದು ಪ್ರೋಟೀನು.