ಉರಿಯದ ಫರ್ನೇಸ್: ಸರದಿ ಎಲ್ಲಿ ತಪ್ಪಿತು?

ಕೆನಡಾದ ಒಂಟಾರಿಯೊದಲ್ಲಿ ಗ್ಯಾಸ್ ತಂತ್ರಜ್ಞರ ಮೊದಲ ಹಂತವಾದ ಜಿ3 ಮುಗಿಸಿ, ಮುಂದಿನ ಹಂತವಾದ ಜಿ2 ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಪಠ್ಯಪುಸ್ತಕದಲ್ಲಿ ಎಲ್ಲವೂ ಇದೆ, ನಿಜ. ಆದರೆ ಮೈನಸ್ 20 ಡಿಗ್ರಿಯ ರಾತ್ರಿ ಯಾರದೋ ನೆಲಮಾಳಿಗೆಯಲ್ಲಿ ಟಾರ್ಚ್ ಹಿಡಿದು ಕುಳಿತಾಗ, ಮನೆಯವರು ಮೆಟ್ಟಿಲ ಮೇಲೆ ಕಂಬಳಿ ಹೊದ್ದು ನಿಂತು ನೋಡುತ್ತಿರುವಾಗ, ಪುಟಸಂಖ್ಯೆ ನೆನಪಾಗುವುದಿಲ್ಲ. ಸರದಿ ನೆನಪಾದರೆ ಸಾಕು.

ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಹೊತ್ತಿಕೊಳ್ಳುವ ಸರದಿ ಹೀಗಿದೆ. ಥರ್ಮೋಸ್ಟಾಟ್ ಶಾಖ ಕೇಳುತ್ತದೆ, ಕಂಟ್ರೋಲ್ ಬೋರ್ಡಿನ ಡಬ್ಲ್ಯೂ ತುದಿಗೆ 24 ವೋಲ್ಟ್ ಬರುತ್ತದೆ. ಬೋರ್ಡ್ ತನ್ನ ಸುರಕ್ಷತಾ ಸ್ವಿಚ್‌ಗಳನ್ನು ನೋಡಿಕೊಂಡು ಹೊಗೆ ಸೆಳೆಯುವ ಇಂಡ್ಯೂಸರ್ ಫ್ಯಾನನ್ನು ಓಡಿಸುತ್ತದೆ. ಹೊಗೆ ಹೊರಗೆ ಹೋಗುವಷ್ಟು ಸೆಳೆತ ಹುಟ್ಟಿದ ಮೇಲೆ ಪ್ರೆಶರ್ ಸ್ವಿಚ್ ಕೂಡಿಕೊಂಡು ಕರೆಂಟಿಗೆ ದಾರಿ ಬಿಡುತ್ತದೆ. ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ. ಜ್ವಾಲೆ ಇದೆಯೆಂದು ಫ್ಲೇಮ್ ಸೆನ್ಸರ್ ಕೆಲವೇ ಸೆಕೆಂಡುಗಳಲ್ಲಿ ಸಾಕ್ಷಿ ಹೇಳಬೇಕು. ಸುಮಾರು ಅರ್ಧ ನಿಮಿಷದ ನಂತರ ಬ್ಲೋವರ್ ಬಿಸಿಗಾಳಿಯನ್ನು ಕೋಣೆಗಳಿಗೆ ನೂಕುತ್ತದೆ. ಊಟದ ಪಂಕ್ತಿಯಲ್ಲಿ ಅನ್ನ ಬಡಿಸದೆ ಸಾರು ಬರುವುದಿಲ್ಲವಲ್ಲ, ಹಾಗೆಯೇ ಇಲ್ಲಿಯೂ ಹಿಂದಿನದು ಆಗದೆ ಮುಂದಿನದು ಆಗುವುದಿಲ್ಲ. ಕೊನೆಯದಾಗಿ ನಡೆದದ್ದು ಯಾವುದು ಎಂಬುದು ಗೊತ್ತಾದರೆ ಹುಡುಕಾಟ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಗ್ಯಾಸ್ ವಾಸನೆ ಬಂದರೆ ಮಾತ್ರ ಇದಾವುದೂ ಬೇಡ: ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕಳಿಸಿ.

ಹೋದ ಕೂಡಲೇ ಪವರ್ ಆಫ್ ಮಾಡಬೇಡಿ. ಬೋರ್ಡಿನ ಪುಟ್ಟ ದೀಪ ಎಷ್ಟು ಸಲ ಮಿನುಗುತ್ತಿದೆ ಎಂದು ಎಣಿಸಿ ಬರೆದುಕೊಳ್ಳಿ. ಆಫ್ ಮಾಡಿದರೆ ಕೆಲವು ಬೋರ್ಡ್‌ಗಳಲ್ಲಿ ಆ ಕೋಡ್ ಅಳಿಸಿಹೋಗುತ್ತದೆ.

ಮೀಟರ್ ಹಿಡಿದಾಗ ನಮ್ಮ ಭಾಷೆಯೇ ನಮಗೆ ಅಡ್ಡಗಾಲು ಹಾಕುವುದುಂಟು. ನಲ್ಲಿ ತೆರೆದರೆ ನೀರು ಬರುತ್ತದೆ, ಸ್ವಿಚ್ ತೆರೆದರೆ ಕರೆಂಟ್ ನಿಲ್ಲುತ್ತದೆ. ನಾನು ತಿಂಗಳುಗಟ್ಟಲೆ ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೆ. ಕೂಡಿಕೊಂಡ ಸ್ವಿಚ್ಚಿನ ಎರಡು ತುದಿಗಳ ನಡುವೆ ಮೀಟರ್ ಇಟ್ಟರೆ ಸೊನ್ನೆ ತೋರಿಸುತ್ತದೆ. ಬಿಟ್ಟುಕೊಂಡಿದ್ದರೆ, ಅಂದರೆ ತೆರೆದಿದ್ದರೆ, 24 ತೋರಿಸುತ್ತದೆ. ಅಂದರೆ ವೋಲ್ಟೇಜ್ ಕಂಡಲ್ಲಿಯೇ ದಾರಿ ಕಡಿದಿದೆ.

ಈಗ ಪರೀಕ್ಷೆಯಲ್ಲೂ ಮನೆಗಳಲ್ಲೂ ಪದೇಪದೇ ಎದುರಾಗುವ ದೋಷ. ನನ್ನ ಮೊದಲ ಚಳಿಗಾಲದಲ್ಲಿ ಒಂದು ಮನೆಯ ಫರ್ನೇಸ್ ಹೊತ್ತಿಕೊಳ್ಳುತ್ತಿತ್ತು, ನಾಲ್ಕು ಸೆಕೆಂಡಿಗೆ ಆರುತ್ತಿತ್ತು. ನಾನು ಗ್ಯಾಸ್ ವಾಲ್ವ್ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟೆ. ಜೊತೆಗಿದ್ದ ಹಿರಿಯರು, "ಸುಮ್ಮನೆ ಕುಳಿತು ಮೂರು ಸಲ ನೋಡು" ಎಂದರು. ಮೂರು ಸಲವೂ ಜ್ವಾಲೆ ನೀಲಿಯಾಗಿ, ಸ್ಥಿರವಾಗಿಯೇ ಹೊತ್ತಿತು. ಮೂರು ಸಲವೂ ನಾಲ್ಕೇ ಸೆಕೆಂಡು. ಗ್ಯಾಸ್ ಬರುತ್ತಿದೆ, ಬೆಂಕಿ ಇದೆ, ಆದರೆ ಬೋರ್ಡಿಗೆ ಅದು ಕಾಣುತ್ತಿಲ್ಲ. ಫ್ಲೇಮ್ ಸೆನ್ಸರ್ ಎಂದರೆ ಜ್ವಾಲೆಯೊಳಗೆ ಚಾಚಿಕೊಂಡ ಒಂದು ಲೋಹದ ಕಡ್ಡಿ, ಅಷ್ಟೇ. ಬೋರ್ಡ್ ಅದಕ್ಕೆ ಎಸಿ ವೋಲ್ಟೇಜ್ ಕೊಡುತ್ತದೆ. ಜ್ವಾಲೆಯಲ್ಲಿ ಕರೆಂಟ್ ಹೆಚ್ಚಾಗಿ ಒಂದೇ ದಿಕ್ಕಿಗೆ ಹರಿಯುವುದರಿಂದ ತೀರಾ ಸಣ್ಣ ಡಿಸಿ ಹುಟ್ಟುತ್ತದೆ. ಅಳೆದರೆ ಮೈಕ್ರೋ ಆ್ಯಂಪ್‌ಗಳಲ್ಲಿ. ಮೀಟರನ್ನು ಸೀರೀಸ್‌ನಲ್ಲಿ ಜೋಡಿಸಿದಾಗ 0.4 ಬಂತು. ಕಡ್ಡಿ ಬಿಚ್ಚಿದರೆ ಗೀಸರ್ ಕಾಯಿಲಿನ ಮೇಲೆ ಕೂರುವಂಥ ಮಬ್ಬು ಪೊರೆ. ನಯವಾದ ಸ್ಟೀಲ್ ವೂಲಿನಿಂದ ಉಜ್ಜಿ ಮತ್ತೆ ಕೂರಿಸಿದೆವು: 3.1. ಒಂದು ಬಿಡಿಭಾಗವನ್ನೂ ಕೊಳ್ಳಲಿಲ್ಲ. ಉಜ್ಜಿದ ಮೇಲೂ ಅಂಕಿ ಏರದಿದ್ದರೆ ಬರ್ನರಿನ ಗ್ರೌಂಡ್ ನೋಡಿ. ಕರೆಂಟ್ ಮರಳುವ ದಾರಿ ಅದೇ.

ಇನ್ನು ಪ್ರೆಶರ್ ಸ್ವಿಚ್, ಅತಿ ಹೆಚ್ಚು ಸುಳ್ಳು ಆಪಾದನೆ ಹೊರುವ ಬಿಡಿಭಾಗ. ಅದು ಕೂಡಿಕೊಳ್ಳದಿದ್ದರೆ ಕಲಿಯುವವರು ಅದನ್ನೇ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೊರಗೋಡೆಯ ಪಿವಿಸಿ ಕೊಳವೆಯ ಬಾಯಿಗೆ ಹಿಮ ಮುಚ್ಚಿದೆಯೇ, ಕಂಡೆನ್ಸೇಟ್ ನೀರು ಹೋಗುವ ಟ್ರ್ಯಾಪ್ ಕಟ್ಟಿಕೊಂಡಿದೆಯೇ, ರಬ್ಬರ್ ಹೋಸ್‌ನಲ್ಲಿ ನೀರು ನಿಂತಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಮೊದಲು ನೋಡಿ. ಶೇಕಡಾ 90ಕ್ಕಿಂತ ಹೆಚ್ಚು ದಕ್ಷತೆಯ ಫರ್ನೇಸ್‌ಗಳು ಹೊಗೆಯಲ್ಲಿನ ಆವಿಯನ್ನು ನೀರಾಗಿಸುವುದರಿಂದ ಅಲ್ಲಿ ನೀರಿನ ಕಾಟ ತಪ್ಪಿದ್ದಲ್ಲ. ಸ್ವಿಚ್ಚಿಗೆ ತಂತಿ ಅಡ್ಡ ಹಾಕಿ ಮನೆ ಬೆಚ್ಚಗಾಯಿತೆಂದು ಹೊರಟುಬಿಡುವವರ ವಿಷಯದಲ್ಲಿ ನನಗೆ ಕಿಂಚಿತ್ತೂ ಸಹನೆ ಇಲ್ಲ. ಹೊಗೆ ಹೊರಗೆ ಹೋಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ಬರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಉಳಿದವು ಬೇಗ ಮುಗಿಯುತ್ತವೆ. ಬರ್ನರ್ ಸ್ವಲ್ಪ ಹೊತ್ತು ಉರಿದು ನಿಂತು, ಬ್ಲೋವರ್ ಮಾತ್ರ ಓಡುತ್ತಲೇ ಇದ್ದರೆ, ಅತಿಯಾಗಿ ಬಿಸಿಯಾದಾಗ ಬರ್ನರ್ ನಿಲ್ಲಿಸುವ ಲಿಮಿಟ್ ಸ್ವಿಚ್ ಬಿಟ್ಟುಕೊಂಡಿದೆ. ಕೊಳೆ ತುಂಬಿದ ಫಿಲ್ಟರ್ ಮೊದಲ ಆರೋಪಿ. ಇಗ್ನೈಟರಿಗೆ ಕೊಡಬೇಕಾದ ವೋಲ್ಟೇಜ್, ಹೆಚ್ಚಿನವಕ್ಕೆ 120, ಬಂದೂ ಅದು ಕೆಂಪಾಗದಿದ್ದರೆ ಅದು ಒಡೆದಿದೆ. ಹೊಸದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಏನೂ ನಡೆಯದಿದ್ದರೆ ಫರ್ನೇಸಿನ ಬಾಗಿಲಿನ ಸ್ವಿಚ್ ಮತ್ತು ಬೋರ್ಡಿನ ಫ್ಯೂಸ್ ನೋಡಿ.

ಅಭ್ಯಾಸಕ್ಕೆ ಒಂದು ಲೆಕ್ಕ. ಇಂಡ್ಯೂಸರ್ ಓಡುತ್ತಿದೆ, ಇಗ್ನೈಟರ್ ಕೆಂಪಾಗುತ್ತಿಲ್ಲ. ಪ್ರೆಶರ್ ಸ್ವಿಚ್ಚಿನ ನಡುವೆ 24 ವೋಲ್ಟ್. ಸ್ವಿಚ್ಚಿನ ಮೇಲೆ ಮೈನಸ್ 0.65 ಇಂಚು ವಾಟರ್ ಕಾಲಮ್ ಎಂದು ಬರೆದಿದೆ, ಅಂದರೆ ಅದು ಕೂಡಿಕೊಳ್ಳಲು ಬೇಕಾದ ಸೆಳೆತ ಅಷ್ಟು; ಹೋಸ್‌ಗೆ ಒತ್ತಡ ಅಳೆಯುವ ಮ್ಯಾನೋಮೀಟರ್ ಜೋಡಿಸಿದರೆ ಮೈನಸ್ 0.40 ಬರುತ್ತಿದೆ. ಸ್ವಿಚ್ ಬದಲಿಸಬೇಕೇ? ಬೇಡ. ಸೆಳೆತವೇ ಸಾಲದು, ಸ್ವಿಚ್ ತನ್ನ ಕೆಲಸ ಮಾಡುತ್ತಿದೆ. ಕೋಟು ಹಾಕಿಕೊಂಡು ಹೊರಗೆ ಹೋಗಿ ಕೊಳವೆಯ ಬಾಯಿ ನೋಡಿ.