ಸ್ಟೀನ್ಸ್ ಬೆಟ್ಟದ ಹಳೆಯ ಟೋಪೋ ನಕ್ಷೆ: ಸೆಕ್ಷನ್ ನಂಬರ್ ಓದೋದು ಹೇಗೆ

ಅಮೆರಿಕದ ಆರೆಗನ್ ರಾಜ್ಯದ ಆಗ್ನೇಯ ಮೂಲೆಯಲ್ಲಿ ಸ್ಟೀನ್ಸ್ ಬೆಟ್ಟವಿದೆ. ಅದರ ಪೂರ್ವದ ತಪ್ಪಲಲ್ಲಿ ಆಲ್ವರ್ಡ್ ಮರುಭೂಮಿ. ದನ ಸಾಕುವ ರಾಂಚ್‌ಗಳ ಸೀಮೆ. ಇಲ್ಲಿನ ಹಳೆಯ ಯುಎಸ್‌ಜಿಎಸ್ (ಅಮೆರಿಕ ಸರ್ಕಾರದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ) ಟೋಪೋ ನಕ್ಷೆಗಳು, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಗಳು, ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಕಂದು, ನೀರು ನೀಲಿ, ಕಟ್ಟಡ ಕಪ್ಪು, ಅಷ್ಟೇ. ಕಷ್ಟ ಇರೋದು ಜಮೀನು ಗುರುತಿಸಲು ಎಳೆದ ಚೌಕಗಳಲ್ಲಿ.

ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕವೇ ಟೌನ್‌ಶಿಪ್. ಅದರೊಳಗೆ ಒಂದೊಂದು ಮೈಲಿಯ 36 ಸೆಕ್ಷನ್. ಎಣಿಕೆ ಶುರುವಾಗೋದು ಈಶಾನ್ಯ ಮೂಲೆಯಿಂದ. 1ರಿಂದ 6 ಬಲದಿಂದ ಎಡಕ್ಕೆ. 7 ಬರೋದು 6ರ ಕೆಳಗೆ, ಅಲ್ಲಿಂದ 12ರವರೆಗೆ ಎಡದಿಂದ ಬಲಕ್ಕೆ. 12ರ ಕೆಳಗೆ 13, ಮತ್ತೆ ಎಡಕ್ಕೆ. ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗಿ ಬರುತ್ತದಲ್ಲ, ಹಾಗೆ. 36 ಬಂದು ನಿಲ್ಲೋದು ಆಗ್ನೇಯ ಮೂಲೆಯಲ್ಲಿ.

ಸರಿ ಬಂತಾ ಅಂತ ನೋಡಲು ಒಂದು ಉಪಾಯ: ಮೇಲಿನ ಎರಡು ಸಾಲಲ್ಲಿ ಮೇಲೆ ಕೆಳಗಿನ ನಂಬರ್ ಕೂಡಿದರೆ ಯಾವಾಗಲೂ 13. 1ಕ್ಕೆ 12, 4ಕ್ಕೆ 9. ಎರಡನೇ ಮತ್ತು ಮೂರನೇ ಸಾಲಿಗೆ 25, ಆಮೇಲೆ 37, 49, 61. ಟೌನ್‌ಶಿಪ್ ಗಡಿ ದಾಟಿದರೆ ಮಾತ್ರ ಇದು ನಡೆಯಲ್ಲ. 1ರ ಪೂರ್ವಕ್ಕೆ ಪಕ್ಕದ ಟೌನ್‌ಶಿಪ್‌ನ 6 ಸಿಗುತ್ತದೆ, 36ರ ದಕ್ಷಿಣಕ್ಕೆ 1.

ಜಮೀನಿನ ವಿವರವನ್ನು ಹಿಂದಿನಿಂದ ಓದಬೇಕು. "ನೈಋತ್ಯ ಕಾಲು, ಈಶಾನ್ಯ ಕಾಲು, ಸೆಕ್ಷನ್ 14" ಅಂತಿದ್ದರೆ ಮೊದಲು 14 ಹುಡುಕಿ. 640 ಎಕರೆ. ಅದರ ಈಶಾನ್ಯ ಕಾಲು 160. ಆ ಕಾಲಿನ ನೈಋತ್ಯ ಕಾಲು 40 ಎಕರೆ. ಮುಂದಿನಿಂದ ಓದಿದರೆ ಬೇರೆಯವರ ಜಮೀನಿಗೆ ಹೋಗಿಬಿಡ್ತೀರಿ.

ದೂರ ಅಳೆಯೋಕೂ ಈ ಚೌಕವೇ ಸಾಕು. 1:62,500 ಪ್ರಮಾಣದ ನಕ್ಷೆಯ ಹಾಳೆಯಲ್ಲಿ ಸೆಕ್ಷನ್ ಸುಮಾರು ಒಂದು ಅಂಗುಲ. ಸ್ಕ್ಯಾನ್ ಎಷ್ಟೇ ಹಿಗ್ಗಿಸಿದರೂ ಒಂದು ಚೌಕ ಒಂದು ಮೈಲಿ. ಆದರೆ ಸರ್ವೆಯ ಹೆಚ್ಚುಕಡಿಮೆಯನ್ನೆಲ್ಲ ಟೌನ್‌ಶಿಪ್‌ನ ಉತ್ತರ, ಪಶ್ಚಿಮದ ಸಾಲುಗಳಿಗೆ ತಳ್ಳುತ್ತಿದ್ದರು. ಅಲ್ಲಿ ಅಳೆಯಬೇಡಿ.

ಈಗ ನೀಲಿ ಬಣ್ಣಕ್ಕೆ ಬನ್ನಿ. ಬಂದು ನೆಲೆಸುವವರಿಗೆ ಸರ್ಕಾರಿ ಜಮೀನು ಕೊಡುವ 1862ರ ಹೋಮ್‌ಸ್ಟೆಡ್ ಕಾಯ್ದೆ ಕೊಟ್ಟಿದ್ದು 160 ಎಕರೆ, ಅಂದರೆ ಕಾಲು ಸೆಕ್ಷನ್. ಒಣ ಸೀಮೆಯಲ್ಲಿ ದನ ಮೇಯಿಸಲು ಅದು ಏನೇನೂ ಸಾಲದು. 1916ರ ಕಾಯ್ದೆ ಪೂರ್ತಿ ಸೆಕ್ಷನ್ನೇ ಕೊಟ್ಟಿತು. ಆಗಲೂ ಬೆಲೆ ಇದ್ದದ್ದು ನೀರಿರುವ ಚೌಕಕ್ಕೆ ಮಾತ್ರ. ಹಾಗಾಗಿ ರಾಂಚ್ ಹುಡುಕುವಾಗ ಬೆಟ್ಟದಿಂದ ಇಳಿಯುವ ನೀಲಿ ಗೆರೆ ಹಿಡಿದು ಹೋಗಿ. ತುಂಡು ಗೆರೆ, ನಡುವೆ ಚುಕ್ಕಿಗಳಿದ್ದರೆ ಅದು ವರ್ಷವಿಡೀ ಹರಿಯದ ಹಳ್ಳ. ಮನೆ, ದನದ ದೊಡ್ಡಿ, ಗಾಳಿಯಂತ್ರ ಜಾಸ್ತಿ ಸಿಗೋದು ನೀಲಿ ಗೆರೆಯ ಪಕ್ಕದಲ್ಲೇ.